ಬಾಟಲಿಯ ತಳದಲ್ಲಿ ಉಳಿದದ್ದು

ಜನವರಿ 9

ಅಕ್ಕಾ,

ನೀನು ಬಸ್ಸು ಹತ್ತಿ ಎಂಟು ದಿನವಾಯಿತು. ಇಷ್ಟರಲ್ಲಿ ನಿನ್ನ ಮಗಳು ಮೂವತ್ತೊಂಬತ್ತು ಬಾಟಲಿ ಹಾಲು ಕುಡಿದಿದ್ದಾಳೆ. ನಲವತ್ತಾಗಬೇಕಿತ್ತು. ಒಂದು ನನ್ನ ಕೈಯಿಂದ ಜಾರಿ ನೆಲದ ಪಾಲಾಯಿತು. ಇನ್ನೊಂದು ಮಾಡಿ ತರುವಷ್ಟರಲ್ಲಿ ಅವಳು ಅತ್ತೂ ಅತ್ತೂ ನಿದ್ದೆ ಹೋಗಿದ್ದಳು. ಇದನ್ನು ಬರೆಯಬೇಡ ಎಂದು ಅಮ್ಮ ಹೇಳಿದಳು. ಆದರೆ ಹೊರಡುವಾಗ ನೀನು ಹೇಳಿದ್ದು ಬೇರೆ: "ಫೋನಲ್ಲಿ ಎಲ್ರೂ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ. ನೀನು ಕಾಗದ ಬರಿ. ಈ ಮನೇಲಿ ಸುಳ್ಳು ಹೇಳೋಕೆ ಬರದೇ ಇರೋಳು ನೀನೊಬ್ಳೇ." ಅದಕ್ಕೇ ಬರೆಯುತ್ತಿದ್ದೇನೆ. ಒಂಬತ್ತನೇ ತರಗತಿ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ನೀನು ಬರೆದಿಟ್ಟ ಇಪ್ಪತ್ತೆರಡು ಅಂಶಗಳ ಪಟ್ಟಿಯನ್ನು ಕುರ್ಚಿಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ನೀರು ಕುದಿಸುವುದು, ಪುಡಿಯನ್ನು ಚಮಚದ ಅಂಚಿಗೆ ಸಮನಾಗಿ ಗೀರಿ ಹಾಕುವುದು, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ಬಿಸಿ ನೋಡುವುದು, ಎಲ್ಲ ನೀನು ಹೇಳಿದಂತೆಯೇ ನಡೆಯುತ್ತಿದೆ. ಏಳನೆಯದು ಮಾತ್ರ ನನ್ನ ಪ್ರಾಣ ತಿನ್ನುತ್ತಿದೆ. 'ನನ್ನ ಹಾಗೆಯೇ ಬಲತೋಳಿನ ಮೇಲೆ ಮಲಗಿಸಿ ಎಡಗೈಯಲ್ಲಿ ಬಾಟಲಿ ಹಿಡಿ. ಅವಳಿಗೆ ವ್ಯತ್ಯಾಸ ಗೊತ್ತಾಗಬಾರದು.' ನೀನೂ ಅಮ್ಮನೂ ಎಡಗೈಯವರು, ನಿಮಗೆ ಅದು ಸಲೀಸು. ನಾನು ಎಡಗೈಯಲ್ಲಿ ಬಾಟಲಿ ಹಿಡಿದರೆ ಯಾರದೋ ಕೈ ಎರವಲು ತಂದ ಹಾಗಿರುತ್ತದೆ. ಆವತ್ತು ಜಾರಿದ್ದೂ ಹಾಗೆಯೇ. ಆದರೂ ಪಟ್ಟಿ ಎಂದರೆ ಪಟ್ಟಿ.

ಅವಳು ಕುಡಿಯುವುದನ್ನು ನೀನು ನೋಡಬೇಕು. ಕಣ್ಣು ಗಟ್ಟಿಯಾಗಿ ಮುಚ್ಚಿ, ಎರಡು ಮುಷ್ಟಿಯನ್ನೂ ಗಲ್ಲಕ್ಕೆ ಒತ್ತಿ, ಹುಬ್ಬು ಗಂಟಿಕ್ಕಿಕೊಂಡು ಎಳೆಯುತ್ತಾಳೆ. ನೂರಿಪ್ಪತ್ತು ಎಂಎಲ್ ಹನ್ನೆರಡೇ ನಿಮಿಷ. ಕೊನೆಗೆ ಬರೀ ಗಾಳಿ ಕೊರ್ ಕೊರ್ ಅನ್ನುವವರೆಗೆ ಬಿಡುವುದಿಲ್ಲ. ಆಮೇಲೆ ನನ್ನ ಹೆಗಲ ಮೇಲೆ ಒಂದು ತೇಗು ಬಿಡುತ್ತಾಳೆ. ಅಪ್ಪನ ತೇಗಿಗಿಂತ ಜೋರು.

ಅಪ್ಪ ವಾರಕ್ಕೊಮ್ಮೆ ಮುಂದಿನ ಕೋಣೆಯ ಅಂಗಡಿಯಲ್ಲಿ ಅವಳನ್ನು ತೂಗುತ್ತಾನೆ. ರಿಪೇರಿಗೆ ಬಂದ ತಕ್ಕಡಿಯಲ್ಲಿ ಅಲ್ಲ, ತನ್ನದೇ ತಕ್ಕಡಿಯಲ್ಲಿ. ಅದನ್ನೂ ಮೊದಲು ತೂಕದ ಬಟ್ಟು ಇಟ್ಟು ಪರೀಕ್ಷೆ ಮಾಡಿದ ಮೇಲೆಯೇ. ಐದು ಕಿಲೋ ಇನ್ನೂರು ಗ್ರಾಂ. ತೂಗುವಾಗ ಅಲುಗಾಡದೆ ಮಲಗಿರುತ್ತಾಳೆ ಎಂದು ಅಪ್ಪ ಅವಳಿಗೂ ಬಟ್ಟು ಎಂದೇ ಹೆಸರಿಟ್ಟಿದ್ದಾನೆ. ಈಗ ಮನೆಮಂದಿಯೆಲ್ಲ ಹಾಗೇ ಕರೆಯುತ್ತೇವೆ.

ಇನ್ನೊಂದು ವಿಷಯ. ಅರ್ಧ ಗಂಟೆ ಒಂದು ಕಡೆ ಕೂರಲಾರದೆ ಶಾಲೆ ಬಿಟ್ಟವಳು ದಿನಕ್ಕೆ ಐದು ಸಲ ಕುರ್ಚಿಯಲ್ಲಿ ಕೂರುತ್ತಿದ್ದೇನೆ. ಅಪ್ಪ ಗೇಲಿ ಮಾಡುತ್ತಿದ್ದಾನೆ.

ಕಾಲಿಗೆ ಚಕ್ರ ಕಟ್ಟಿಕೊಂಡ ನಿನ್ನ ತಂಗಿ,
ಚಕ್ರಿ


ಜನವರಿ 21

ಚಕ್ರೀ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕ್ರೇನ್ ಹತ್ತಿದೆ. ಏಣಿಗೆ ನೂರ ಅರವತ್ತೆಂಟು ಮೆಟ್ಟಿಲು. ಮೊದಲ ದಿನ ಮೇಲೆ ಹೋಗಿ ವಾಂತಿ ಮಾಡಿಕೊಂಡೆ. ಈಗ ಇಲ್ಲ. ಕ್ಯಾಬಿನ್ನಿನ ನೆಲವೇ ಗಾಜು. ಕಾಲಡಿಯಲ್ಲಿ ಹಡಗು ಆಟದ ಸಾಮಾನಿನ ಹಾಗೆ ಕಾಣುತ್ತದೆ. ನಮ್ಮ ಗುಂಪಿನಲ್ಲಿ ಹೆಂಗಸರು ಇಬ್ಬರೇ. ನಮ್ಮ ಫೋರ್‌ಮನ್ ಕಡಿಮೆ ಮಾತಿನವರು. ಮೊನ್ನೆ "ಎಡಗೈ ಒಳ್ಳೇದು, ಕ್ರೇನ್ ನಡೆಸೋ ಲಿವರ್ ಆ ಕಡೆನೇ ಇರೋದು" ಎಂದರು. ಜೀವಮಾನದಲ್ಲಿ ನನ್ನ ಎಡಗೈಯನ್ನು ಹೊಗಳಿದವರು ಅವರೊಬ್ಬರೇ.

ಮೇ ಕೊನೆಗೆ ತರಬೇತಿ ಮುಗಿದು ಪರೀಕ್ಷೆ. ಲೈಸೆನ್ಸ್ ಸಿಕ್ಕರೆ ಕೆಲಸ, ಕೆಲಸದ ಜೊತೆಗೆ ಬಂದರಿನ ವಸತಿಯಲ್ಲಿ ಒಂದು ಕೋಣೆ, ಕೆಳಗಡೆಯೇ ಶಿಶುವಿಹಾರ. ನಾನೂ ಅವಳೂ ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಅವಳ ಅಪ್ಪನ ಮನೆಯ ಬಾಗಿಲಲ್ಲೂ.

ಹಾಲಿನ ವಿಷಯ ಬರೆಯುತ್ತಿರು. ಕೆಟ್ಟದಿದ್ದರೂ ಬರಿ. ಬರೆಯದಿದ್ದರೆ ನಾನೇ ಏನೇನೋ ಊಹಿಸಿಕೊಳ್ಳುತ್ತೇನೆ, ಅದು ಇನ್ನೂ ಕೆಟ್ಟದು.

ಅಕ್ಕ


ಫೆಬ್ರವರಿ 3

ಅಕ್ಕಾ,

ಬಟ್ಟು ಬದಲಾಗಿಬಿಟ್ಟಿದ್ದಾಳೆ. ಎಲ್ಲಿಂದ ಶುರು ಮಾಡಲಿ ಗೊತ್ತಾಗುತ್ತಿಲ್ಲ. ಮೊದಲು ಒಳ್ಳೆಯದನ್ನು ಹೇಳುತ್ತೇನೆ.

ಅವಳು ಈಗ ಕಣ್ಣು ಬಿಟ್ಟುಕೊಂಡು ಕುಡಿಯುತ್ತಾಳೆ. ಹತ್ತು ದಿನದ ಹಿಂದೆ ಒಂದು ಬೆಳಿಗ್ಗೆ, ಅರ್ಧ ಬಾಟಲಿಯಲ್ಲಿ, ಯಾರೋ ಬಾಗಿಲು ತಟ್ಟಿ ಕರೆದ ಹಾಗೆ ಪಟ್ಟನೆ ಕಣ್ಣು ತೆರೆದಳು. ನನ್ನ ಮೂಗು ನೋಡಿದಳು. ಮೂಗಿನಲ್ಲಿ ಅಂಥದ್ದೇನು ಕಂಡಳೋ, ನಿಪ್ಪಲ್ ಬಾಯಲ್ಲಿರುವಾಗಲೇ ನಕ್ಕಳು. ಹಾಲು ಎರಡೂ ಕಡೆಯಿಂದ ಇಳಿದು ಕುತ್ತಿಗೆಯ ಮಡಿಕೆಯೊಳಗೆ ಹೋಯಿತು. ನಾನು ನಕ್ಕೆ, ಅವಳು ಇನ್ನೂ ನಕ್ಕಳು, ಹಾಲೆಲ್ಲ ನನ್ನ ಬಟ್ಟೆಗೆ. ಅಷ್ಟು ಖುಷಿಯಾದದ್ದು ನನಗೆ ನೆನಪಿಲ್ಲ.

ಈಗ ಕೆಟ್ಟದ್ದು. ಅವತ್ತಿನಿಂದ ಬಾಟಲಿ ಖಾಲಿಯಾಗಿಲ್ಲ. ನೂರೈವತ್ತು ಮಾಡಿದರೆ ಮೊದಲು ಮೂವತ್ತು ಉಳಿಸುತ್ತಿದ್ದಳು, ಆಮೇಲೆ ಐವತ್ತು, ನಿನ್ನೆ ಎಂಬತ್ತು. ನಾಲ್ಕು ಗುಟುಕು ಕುಡಿಯುತ್ತಾಳೆ, ತಲೆ ಹಿಂದಕ್ಕೆ ತಿರುಗಿಸುತ್ತಾಳೆ, ನಿಪ್ಪಲ್ ಪುಳಕ್ ಎಂದು ಹೊರಗೆ. ಮತ್ತೆ ಇಟ್ಟರೆ ಬೆನ್ನು ಬಿಲ್ಲಿನ ಹಾಗೆ ಮಾಡಿ ಚೀರುತ್ತಾಳೆ. ಹಸಿವಿಲ್ಲವೇನೋ ಎಂದು ಕೆಳಗಿಟ್ಟರೆ ಹಸಿದು ಅಳುತ್ತಾಳೆ. ಹನ್ನೆರಡು ನಿಮಿಷದ ಕೆಲಸ ಮುಕ್ಕಾಲು ಗಂಟೆಯಾಗಿದೆ.

ಎದುರುಮನೆಯ ಟೈಲರ್ ಆಂಟಿ ನಿಪ್ಪಲಿನ ತೂತು ಸಣ್ಣದು, ಸೂಜಿ ಕಾಯಿಸಿ ದೊಡ್ಡದು ಮಾಡು ಎಂದರು. ಮಾಡಿದೆ. ಹಾಲು ಒಮ್ಮೆಲೇ ನುಗ್ಗಿ ಅವಳಿಗೆ ಕೆಮ್ಮು ಬಂತು, ಮುಖ ಕೆಂಪಾಯಿತು. ಎರಡು ಕ್ಷಣ ಅಷ್ಟೇ. ಆ ನಿಪ್ಪಲ್ಲನ್ನು ಕತ್ತರಿಸಿ ಬಿಸಾಡಿದೆ. ತಪ್ಪು ಆಂಟಿಯದಲ್ಲ, ಸೂಜಿ ಹಿಡಿದ ಕೈ ನನ್ನದು.

ಇವತ್ತು ತೂಕ ಐದು ಕಿಲೋ ಐನೂರ ನಲವತ್ತು. ಹೋದ ವಾರ ಐನೂರ ಅರವತ್ತಿತ್ತು. ಅಪ್ಪ ಬಟ್ಟುಗಳನ್ನು ಒರೆಸಿ ಮೂರು ಸಲ ತೂಗಿದ. ಮೂರು ಸಲವೂ ಅಷ್ಟೇ.

ಅಮ್ಮ ಈ ಕಾಗದ ಕಳಿಸಬೇಡ ಎನ್ನುತ್ತಿದ್ದಾಳೆ. "ಅವಳು ಅಷ್ಟೆತ್ತರದಲ್ಲಿ ಕೂತಿರ್ತಾಳೆ. ಇದನ್ನ ಓದಿ ಕೈ ನಡುಗಿದ್ರೆ?" ಆದರೂ ಕಳಿಸುತ್ತಿದ್ದೇನೆ. ಓದುವುದಾದರೆ ಕೆಳಗಿಳಿದ ಮೇಲೆ ಓದು ಎಂದು ಲಕೋಟೆಯ ಮೇಲೆ ಬರೆಯುತ್ತೇನೆ. ನಾಳೆ ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ತೋರಿಸುತ್ತೇನೆ.

ಚಕ್ರಿ


ಫೆಬ್ರವರಿ 8

ಚಕ್ರೀ,

ಕೆಳಗಿಳಿದ ಮೇಲೆಯೇ ಓದಿದೆ.

ತರಬೇತಿ ಬಿಟ್ಟು ಊರಿಗೆ ಬರಲು ಅರ್ಜಿ ಬರೆದಿದ್ದೇನೆ. ಹೇಳದೆ ಬಿಟ್ಟುಬಂದರೆ ಮುಂದೆಂದೂ ಸೇರಿಸಿಕೊಳ್ಳುವುದಿಲ್ಲವಂತೆ. ಅರ್ಜಿ ಕೊಟ್ಟು ಬಂದರೆ ನನ್ನ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ, ಎರಡು ವರ್ಷ ಬಿಟ್ಟು ಮತ್ತೆ ಕೇಳಬಹುದು. ಅರ್ಜಿ ತೆಗೆದುಕೊಳ್ಳಬೇಕಾದ ಫೋರ್‌ಮನ್ ರಜೆಯಲ್ಲಿದ್ದಾರೆ, ಹತ್ತೊಂಬತ್ತಕ್ಕೆ ಬರುತ್ತಾರೆ. ಅವತ್ತು ಸಂಜೆಯ ಬಸ್ಸಿಗೆ ಹೊರಡುತ್ತೇನೆ.

ನಿನ್ನ ತಪ್ಪೇನೂ ಇಲ್ಲ. ಬರಿ ಎಂದವಳು ನಾನೇ.

ಅಕ್ಕ


ಫೆಬ್ರವರಿ 17

ಅಕ್ಕಾ,

ಫೋನಲ್ಲಿ ಹೇಳಿದರೆ ನೀನು ನಂಬುವುದಿಲ್ಲ, ಈ ಕಾಗದವನ್ನು ಅಂಚೆಗೂ ಹಾಕುತ್ತಿಲ್ಲ. ತಕ್ಕಡಿಯ ಬಿಡಿಭಾಗ ತರುವ ಲಾರಿಯಣ್ಣ ಇವತ್ತು ನಿಮ್ಮ ಬಂದರಿಗೇ ಹೋಗುತ್ತಿದ್ದಾನೆ. ನಾಳೆ ನಿನ್ನ ಕೈಗೇ ಕೊಡುತ್ತಾನೆ. ಅರ್ಜಿ ಕೊಡಬೇಡ. ಕಾರಣ ಪೂರ್ತಿ ಓದಿದ ಮೇಲೆ ನೀನೇ ತೀರ್ಮಾನಿಸು. ಆದರೆ ಕೊಡಬೇಡ.

ನರ್ಸಮ್ಮ ನಾಲ್ಕನೇ ತಾರೀಖೇ ನೋಡಿದರು. ಕಿವಿ, ಗಂಟಲು, ಹೊಟ್ಟೆ ಎಲ್ಲ ಒತ್ತಿ, ಇಣುಕಿ, ಕಾಯಿಲೆ ಏನೂ ಇಲ್ಲ ಎಂದರು. ನಾಲ್ಕು ತಿಂಗಳಿಗೆ ಮಕ್ಕಳಿಗೆ ಪ್ರಪಂಚ ಕಾಣಿಸಲು ಶುರುವಾಗುತ್ತದೆ, ಹಾಲಿಗಿಂತ ಅದೇ ರುಚಿ ಎನ್ನಿಸುತ್ತದಂತೆ. ಒದ್ದೆ ಬಟ್ಟೆ ಎಣಿಸು, ವಾರವಾರ ತೂಗು, ಇಳಿಯುತ್ತಲೇ ಹೋದರೆ ತಕ್ಷಣ ಬಾ ಎಂದರು. ಆಮೇಲೆ ನಾನು ಕಿಟಕಿ ಮುಚ್ಚಿ ನೋಡಿದೆ, ಚೀರಿದಳು. ಅಮ್ಮ ತೆಗೆದುಕೊಂಡಳು, ಚೀರಿದಳು. ಅಪ್ಪ ಹಿಡಿದ, ಬಾಟಲಿ ಹಿಡಿಯುವ ಮೊದಲೇ ಚೀರಿದಳು. ಹತ್ತನೇ ತಾರೀಖು ತೂಗಿದರೆ ಏರಿದ್ದು ಬರೀ ಹತ್ತು ಗ್ರಾಂ.

ಅವತ್ತು ತೂಗಿ ಇಳಿಸುವಾಗ ಮೆಣಸಿನ ವ್ಯಾಪಾರಿ ತನ್ನ ಹಳೇ ತಕ್ಕಡಿ ತಂದಿಟ್ಟು, ಇದು ಸುಳ್ಳು ಹೇಳುತ್ತಿದೆ ಎಂದ. ಅಪ್ಪ ತಾನು ಯಾವಾಗಲೂ ಮಾಡುವುದನ್ನೇ ಮಾಡಿದ. ಎರಡೂ ತಟ್ಟೆಗೆ ತೂಕ ಹಾಕಿ ಮುಳ್ಳು ನೋಡಿದ, ಆಮೇಲೆ ಆ ಕಡೆಯದನ್ನು ಈ ಕಡೆ, ಈ ಕಡೆಯದನ್ನು ಆ ಕಡೆ ಹಾಕಿ ಮತ್ತೆ ನೋಡಿದ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ ಇದನ್ನು. ಕೇಳಿದಾಗಲೆಲ್ಲ ಅಪ್ಪ ಅದನ್ನೇ ಹೇಳುತ್ತಾನೆ: "ದೋಷ ಸಾಮಾನಿಂದೋ ತಕ್ಕಡಿದೋ ಗೊತ್ತಾಗ್ಬೇಕಂದ್ರೆ ಕಡೆ ಬದಲಾಯಿಸಿ ನೋಡು."

ಅಕ್ಕಾ, ನಾನು ಎಲ್ಲ ಬದಲಾಯಿಸಿದ್ದೆ, ಕಡೆ ಬದಲಾಯಿಸಿರಲಿಲ್ಲ. ನಿನ್ನ ಪಟ್ಟಿಯ ಏಳನೆಯದನ್ನು ಒಂದು ದಿನವೂ ಮೀರಿರಲಿಲ್ಲ.

ಹೋಗಿ ಅದೇ ಕುರ್ಚಿಯಲ್ಲಿ ಕೂತು, ನನಗೆ ಸರಿಬರುವ ಹಾಗೆ ಅವಳನ್ನು ಎಡತೋಳಿನ ಮೇಲೆ ಮಲಗಿಸಿ, ಬಲಗೈಯಲ್ಲಿ ಬಾಟಲಿ ಹಿಡಿದೆ. ಮೊದಲ ಗುಟುಕು. ಕಣ್ಣು ತೆರೆದಳು. ತಲೆ ತಿರುಗಿಸುತ್ತಾಳೆ ಎಂದು ಕಾದೆ. ತಿರುಗಿಸಲಿಲ್ಲ. ನನ್ನ ಮೊಣಕೈಯಾಚೆ ಏನನ್ನೋ ನೋಡುತ್ತಾ ಎಳೆದಳು, ಎಳೆದಳು, ಎಳೆದಳು. ಕೊರ್ ಕೊರ್. ಖಾಲಿ.

ಏನು ನೋಡುತ್ತಿದ್ದಳು ಎಂದು ನಾನೂ ತಿರುಗಿ ನೋಡಿದೆ. ಕಿಟಕಿಯ ಸರಳಿಗೆ ಅಪ್ಪ ಉಜ್ಜಿ ತೂಗುಹಾಕಿದ ಹಿತ್ತಾಳೆ ತಟ್ಟೆಗಳು. ಗಾಳಿಗೆ ಒಂದು ಏರುತ್ತದೆ, ಒಂದು ಇಳಿಯುತ್ತದೆ, ಬಿಸಿಲು ಅವುಗಳ ಮೇಲೆ ಕುಣಿಯುತ್ತದೆ. ನಮ್ಮ ಕುರ್ಚಿಯ ಎಡಗಡೆ ಗೋಡೆ, ಬಲಗಡೆ ಕಿಟಕಿ. ಬಲತೋಳಿನ ಮೇಲೆ ಮಲಗಿಸಿದರೆ ಅವಳ ಮುಖ ಗೋಡೆಗೆ. ಕಣ್ಣು ಮುಚ್ಚಿ ಕುಡಿಯುವಾಗ ಗೋಡೆಯಾದರೇನು, ಕಿಟಕಿಯಾದರೇನು! ಕಣ್ಣು ತೆರೆದ ಮೇಲೆ ಪಾಪ, ಎರಡು ವಾರ ಗೋಡೆಗೆ ಅಂಟಿಸಿದ ನಿನ್ನ ಪಟ್ಟಿಯನ್ನೇ ಓದಿಸಿದ್ದೇನೆ ಅವಳಿಗೆ. ನಾನು ಗೋಡೆ ನೋಡಿಕೊಂಡು ಕೂರಲಾರದೆ ಶಾಲೆ ಬಿಟ್ಟವಳು, ನನಗಾದರೂ ತಿಳಿಯಬೇಡವಾ?

ಅಮ್ಮ ಆ ಕ್ಷಣವೇ ಕಾಗದ ಬರಿ ಎಂದು ಪೆನ್ನು ತಂದುಕೊಟ್ಟಳು. ಬರೆಯಲಿಲ್ಲ. "ಇಷ್ಟು ದಿನ ಕೆಟ್ಟದ್ದನ್ನ ಓಡೋಡಿ ಬರೆದೆ. ಒಳ್ಳೇದು ಬಂದಾಗ ಕೈ ಕಟ್ಟಿ ಕೂತಿದೀಯಲ್ಲೇ" ಎಂದು ಬೈದಳು. ಒಂದು ಬಾಟಲಿ ಕುಡಿದಳು ಎಂದು ಬರೆದರೆ ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನೀನು ಅದನ್ನು ನಂಬಿ ಉಳಿದು, ಇಲ್ಲಿ ತೂಕ ಇಳಿದರೆ? ಏಳು ದಿನ ಕಾದೆ. ಮೂವತ್ತೈದು ಬಾಟಲಿಯಲ್ಲಿ ಮೂವತ್ತೊಂದು ಖಾಲಿ. ಉಳಿದ ನಾಲ್ಕರಲ್ಲಿ ಹತ್ತು, ಹತ್ತು, ಇಪ್ಪತ್ತು, ನಲವತ್ತು.

ಇವತ್ತು ಬೆಳಿಗ್ಗೆ ತೂಗಿದೆವು. ಐದು ಕಿಲೋ ಏಳುನೂರ ಮೂವತ್ತು. ರಿಪೇರಿ ಮುಗಿದ ತಕ್ಕಡಿಗೆ ಕಟ್ಟುವ 'ಪರೀಕ್ಷಿಸಿದೆ, ಸರಿಯಿದೆ' ಚೀಟಿಯಲ್ಲಿ ಅಪ್ಪ ತೂಕ ಬರೆದು ಸಹಿ ಹಾಕಿದ್ದಾನೆ. ಇದರ ಜೊತೆಗಿದೆ. ಆ ಚೀಟಿಯನ್ನು ಅಪ್ಪ ಸಲಿಗೆಗೆ ಯಾರಿಗೂ ಕೊಟ್ಟವನಲ್ಲ, ನಿನಗೇ ಗೊತ್ತು.

ಲಾರಿ ಹಾರ್ನ್ ಹೊಡೆಯುತ್ತಿದೆ.

ಚಕ್ರಿ


ಫೆಬ್ರವರಿ 19

ಚಕ್ರೀ,

ಫೋರ್‌ಮನ್ ಬಂದರು. ನನ್ನ ಜೇಬಿನಲ್ಲಿ ಎರಡು ಕಾಗದ ಇದ್ದವು, ಅರ್ಜಿ ಮತ್ತು ಅಪ್ಪನ ಚೀಟಿ. ಚೀಟಿ ತೆಗೆದು ತೋರಿಸಿದೆ. ಅವರು ಓದಿ, ಇದು ಯಾವ ಯಂತ್ರದ್ದು ಎಂದು ಕೇಳಿದರು. ನನ್ನ ಮಗಳದ್ದು ಎಂದೆ. ಅವರು ಏಣಿ ತೋರಿಸಿದರು.

ಹತ್ತಿದೆ.

ಅಕ್ಕ


ಏಪ್ರಿಲ್ 14

ಅಕ್ಕಾ,

ಹೊಸ ಸುದ್ದಿ. ಬಟ್ಟು ಬಾಟಲಿಯನ್ನು ತಾನೇ ಹಿಡಿಯುತ್ತಾಳೆ! ಎರಡೂ ಕೈಯಲ್ಲಿ, ಡ್ರೈವರ್ ಸ್ಟಿಯರಿಂಗ್ ಹಿಡಿದ ಹಾಗೆ. ಆದರೆ ಹಿಡಿದಷ್ಟು ಹೊತ್ತೂ ನಾನು ಕೆಳಗಿನಿಂದ ಒಂದು ಬೆರಳು ಕೊಟ್ಟಿರಬೇಕು. ತೆಗೆದರೆ ಬಾಟಲಿ ಬಿಟ್ಟು ನನ್ನನ್ನು ದುರುಗುಟ್ಟಿ ನೋಡುತ್ತಾಳೆ. ಮೆತ್ತಗೆ ಬೇಯಿಸಿದ್ದನ್ನು ಚಮಚದಲ್ಲಿ ಕೊಡಲು ಶುರು ಮಾಡಿದ್ದೇವೆ, ಹಾಗಾಗಿ ಬಾಟಲಿ ಐದರಿಂದ ನಾಲ್ಕಕ್ಕಿಳಿದಿದೆ. ಪ್ರತಿ ಬಾಟಲಿಗೆ ನೂರೆಂಬತ್ತು. ತೂಕ ಏಳು ಕಿಲೋ ನೂರು.

ಇನ್ನೂ ನನ್ನ ಕೈಯಿಂದ ಮಾತ್ರ ಕುಡಿಯುತ್ತಾಳೆ. ಅಮ್ಮ ಎತ್ತಿಕೊಂಡರೆ ಬಾಯಿ ಬಿಗಿ. ಅಮ್ಮನಿಗೆ ಎಡತೋಳಿನ ಮೇಲೆ ಮಲಗಿಸಿ ಬಲಗೈಯಲ್ಲಿ ಕುಡಿಸಲು ಬರುವುದಿಲ್ಲವಲ್ಲ. ಹಾಗಾಗಿ ನಾನು ಹೊರಗೆ ಹೋದರೆ ಎರಡು ಗಂಟೆಯೊಳಗೆ ವಾಪಸ್ಸು.

ಹೋದ ವಾರ ಅಪ್ಪ ಗೋಡೆಗೆ ಬಣ್ಣ ಹೊಡೆಸಿದ. ಎರಡು ದಿನ ಕುರ್ಚಿ, ಮೇಜು ಎಲ್ಲ ಅಡ್ಡಾದಿಡ್ಡಿ. ಆ ಎರಡು ದಿನ ಹೇಳುವಂಥದ್ದೇನೂ ಇಲ್ಲ. ನಿನ್ನ ಪಟ್ಟಿ ಹರಿಯದಂತೆ ಬಿಡಿಸಿ ಎತ್ತಿಟ್ಟಿದ್ದೇನೆ.

ಅಪ್ಪ ನನಗೊಂದು ಸ್ಕ್ರೂ ಡ್ರೈವರ್ ಕೊಟ್ಟಿದ್ದಾನೆ. ಒಂದು ಹಳೇ ತಕ್ಕಡಿ ಬಿಚ್ಚಿ ನೋಡುತ್ತಿದ್ದೇನೆ.

ಚಕ್ರಿ


ಜೂನ್ 9

ಚಕ್ರೀ,

ಲೈಸೆನ್ಸ್ ಜೊತೆ ಸಿಕ್ಕ ಕೋಣೆ ಚೆನ್ನಾಗಿದೆ. ಒಂದೇ ಕಿಟಕಿ, ಆದರೆ ದೊಡ್ಡದು. ಅದರಿಂದ ಐದೂ ಕ್ರೇನುಗಳು ಕಾಣುತ್ತವೆ. ಮೂರನೆಯದು ನನ್ನದು. ಹದಿನೈದರಿಂದ ಕೆಲಸ ಶುರು.

ನೀನು ಯಾವಾಗಲೂ ನನಗೆ ನಿಜ ಬರೆದೆ, ನಾನೂ ಬರೆಯಬೇಕು. ಅವಳು ನನ್ನ ಕೈಯಿಂದ ಕುಡಿಯುತ್ತಿಲ್ಲ. ಕರೆದುಕೊಂಡು ಬಂದು ಆರು ದಿನವಾಯಿತು. ಚಮಚದಲ್ಲಿ ಕೊಟ್ಟದ್ದನ್ನು ತಿನ್ನುತ್ತಾಳೆ, ನನ್ನ ಜೊತೆ ನಗುತ್ತಾಳೆ, ಬಾಟಲಿ ತಂದರೆ ಬಾಗಿಲ ಕಡೆ ನೋಡುತ್ತಾಳೆ. ನೂರೆಂಬತ್ತರಲ್ಲಿ ನೂರ ಇಪ್ಪತ್ತು ಉಳಿಯುತ್ತದೆ. ನಿನ್ನ ಹಾಗೆ ಎಡತೋಳಿನ ಮೇಲೆ ಮಲಗಿಸಿ ನೋಡಿದೆ. ನಲವತ್ತು ಟನ್ ಪೆಟ್ಟಿಗೆಯನ್ನು ಹಡಗಿನಲ್ಲಿ ಕೂದಲೆಳೆ ಆಚೀಚೆಯಾಗದೆ ಇಳಿಸುತ್ತೇನೆ, ಬಲಗೈಯಲ್ಲಿ ಒಂದು ಬಾಟಲಿ ಹಿಡಿಯಲಾಗುವುದಿಲ್ಲ. ಅವಳ ಹಲ್ಲಿನ ವಸಡಿಗೆ ತಾಗಿಸಿಬಿಟ್ಟೆ.

ಅಮ್ಮನನ್ನು ಕೇಳಿದೆ, ಅಭ್ಯಾಸವಾಗುತ್ತದೆ ಎಂದಳು. ಅವಳು ಎಲ್ಲದಕ್ಕೂ ಅದನ್ನೇ ಹೇಳುತ್ತಾಳೆ. ನೀನು ಹೇಳು. ಅವಳು ನಿನ್ನ ಮಗಳಾಗಿಬಿಟ್ಟಳಾ?

ಅಕ್ಕ


ಜೂನ್ 12

ಅಕ್ಕಾ,

ಇಲ್ಲ. ನಿನ್ನ ಮಗಳೇ.

ನಾನು ನಿನಗೆ ಒಂದೇ ಒಂದು ಸುಳ್ಳು ಬರೆದಿದ್ದೇನೆ. ಏಪ್ರಿಲ್ ಹದಿನಾಲ್ಕರ ಕಾಗದ ನಿನ್ನ ಹತ್ತಿರ ಇದ್ದರೆ ತೆಗೆದು ನೋಡು. ಬಣ್ಣ ಹೊಡೆಸಿದ ಎರಡು ದಿನ ಹೇಳುವಂಥದ್ದೇನೂ ಇಲ್ಲ ಎಂದಿದೆ. ಇತ್ತು.

ಬಣ್ಣದವರು ಕುರ್ಚಿಯನ್ನು ಗೋಡೆಯಿಂದ ಎಳೆದು ಉಲ್ಟಾ ಹಾಕಿದ್ದರು. ಮೊದಲ ದಿನ ನಾನು ಅಪ್ಪನಿಗೆ ಕಬ್ಬಿಣದ ತಕ್ಕಡಿ ಎತ್ತಿಕೊಡಲು ಹೋಗಿದ್ದೆ. ಅಷ್ಟರಲ್ಲಿ ಬಟ್ಟು ಅತ್ತಳು, ಅಮ್ಮ ಆ ಕುರ್ಚಿಯಲ್ಲಿ ಕೂತು ತನ್ನ ಎಡಗೈಯಲ್ಲೇ ಬಾಟಲಿ ಹಿಡಿದಳು. ನಾನು ವಾಪಸ್ಸು ಬಂದಾಗ ಖಾಲಿ ಬಾಟಲಿ ನೆಲದ ಮೇಲಿತ್ತು, ಅವಳು ಅಮ್ಮನ ಹೆಗಲ ಮೇಲೆ ತೇಗುತ್ತಿದ್ದಳು. ಎರಡು ದಿನವೂ ಅಮ್ಮನ ಕೈಯಿಂದ ಕುಡಿದಳು. ಕುರ್ಚಿ ಉಲ್ಟಾ ಆದದ್ದರಿಂದ ಕಿಟಕಿ ಎಡಕ್ಕೆ ಬಂದಿತ್ತು, ಬಲತೋಳಿನ ಮೇಲೆ ಮಲಗಿದರೂ ತಟ್ಟೆಗಳು ಕಾಣುತ್ತಿದ್ದವು. ಅಷ್ಟೇ ವಿಷಯ. ತೋಳಿನದಲ್ಲ, ನನ್ನದೂ ಅಲ್ಲ.

ನನಗೆ ಒಂದೇ ನೋಟಕ್ಕೆ ಗೊತ್ತಾಯಿತು. ಅಮ್ಮನಿಗೆ ಗೊತ್ತಾಗಲಿಲ್ಲ, ಏನೋ ಅವತ್ತು ಹಸಿವಿತ್ತು ಎಂದುಕೊಂಡಳು. ಮೂರನೇ ದಿನ ಬಣ್ಣ ಒಣಗುವ ಮೊದಲೇ ನಾನೇ ಕುರ್ಚಿಯನ್ನು ಎಳೆದು ಮೊದಲಿದ್ದ ಹಾಗೆ ಇಟ್ಟೆ. ಗೋಡೆಯಲ್ಲಿ ಇವತ್ತಿಗೂ ಕುರ್ಚಿ ತಾಗಿದ ಗುರುತಿದೆ.

ಶಾಲೆಯಲ್ಲಿ, ಅಂಗಡಿಯಲ್ಲಿ, ಎಲ್ಲಿಯೂ ನನ್ನಿಂದಲೇ ಆಗಬೇಕಾದದ್ದು ಏನೂ ಇರಲಿಲ್ಲ, ಅಕ್ಕಾ. ದಿನಕ್ಕೆ ನಾಲ್ಕು ಸಲ, ನಾನು ಬಂದರೆ ಮಾತ್ರ ಬಾಯಿ ತೆರೆಯುವವಳು ಒಬ್ಬಳಿದ್ದಳು. ಅದನ್ನು ಬಿಡಲು ಮನಸ್ಸಾಗಲಿಲ್ಲ. ಹೋದ ವಾರ ಅವಳನ್ನು ಎತ್ತಿಕೊಂಡು ಬಸ್ಸು ಹತ್ತುವಾಗ ನೀನು "ನನ್ನ ಕೈಲಿ ಕುಡೀತಾಳಾ?" ಎಂದು ಕೇಳಿದೆ. ಆಗಲಾದರೂ ಹೇಳಬಹುದಿತ್ತು. ಆರು ದಿನ ಅವಳು ಹಸಿದದ್ದು ನನ್ನಿಂದ. ಬೈಯುವುದಿದ್ದರೆ ಬೈ, ನನಗೆ ಅದು ಬೇಕು.

ನೀನು ನಿನ್ನ ತೋಳು ಬದಲಾಯಿಸಬೇಡ. ಬಲತೋಳಿನ ಮೇಲೆ ಮಲಗಿಸು, ಎಡಗೈಯಲ್ಲೇ ಹಿಡಿ. ಕುರ್ಚಿ ತಿರುಗಿಸು. ನಿನ್ನ ಎಡಕ್ಕೆ ಆ ದೊಡ್ಡ ಕಿಟಕಿ ಬರಬೇಕು. ಕ್ರೇನುಗಳು ಏರುತ್ತವೆ ಇಳಿಯುತ್ತವೆ ತಾನೇ? ಸಾಕು. ತಕ್ಕಡಿಯಲ್ಲದೆ ಅವು ಇನ್ನೇನು.

ಕೆಳಗಿನಿಂದ ಒಂದು ಬೆರಳು ಕೊಡಲು ಮರೆಯಬೇಡ.

ಚಕ್ರಿ


ಜೂನ್ 16

ಚಕ್ರೀ,

ಬೈಯಬೇಕೆಂದು ಕೂತೆ. ಎರಡು ಸಾಲು ಬೈದು ಹರಿದು ಹಾಕಿದೆ. ಅವು ನಿನಗೆ ಸಿಗುವುದಿಲ್ಲ.

ಕುರ್ಚಿ ತಿರುಗಿಸಿದೆ. ಎರಡನೇ ಕ್ರೇನ್ ಪೆಟ್ಟಿಗೆ ಎತ್ತುತ್ತಿತ್ತು. ಅವಳು ಅದನ್ನೇ ನೋಡುತ್ತಾ ನನ್ನ ಬೆರಳು ಹಿಡಿದುಕೊಂಡು ಕುಡಿದಳು, ಪೆಟ್ಟಿಗೆ ಹಡಗಿಗೆ ಇಳಿಯುವವರೆಗೂ. ನೂರ ಎಪ್ಪತ್ತು.

ತಳದಲ್ಲಿ ಹತ್ತು ಉಳಿಸಿದಳು. ಅದನ್ನೂ ಬರೆಯಬೇಕಲ್ಲ.

ಅಕ್ಕ